ಬಸಣ್ಣನ ಕೈಗೆ ಸಿಕ್ಕ ದರದ ಪುಸ್ತಕ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಫೋನಿನ ಚಟ. ನನಗೆ ತೊಗರಿಬೇಳೆಯ ದರ ಬರೆದಿಡುವ ಚಟ. ಅರ್ಥಶಾಸ್ತ್ರ ಓದಿದ್ದು ಇದಕ್ಕೇನಾ ಎಂದು ನಮ್ಮ ಯಜಮಾನರು ಆಗಾಗ ಕೇಳುತ್ತಾರೆ. ಮನೆ ಶಿಕಾರಿಪುರದಲ್ಲಿ, ಪಾಠ ಹೇಳುವ ಕಾಲೇಜು ಸೊರಬದಲ್ಲಿ. ದಿನವೂ ಎರಡು ಪೇಟೆಗಳ ನಡುವೆ ಬಸ್ಸಿನಲ್ಲಿ ಓಡಾಡುವವಳು ದರ ಹೋಲಿಸದೆ ಸುಮ್ಮನಿರುವುದು ಹೇಗೆ? ಕಡಲೆಬೇಳೆ ಇಲ್ಲಿ, ಶೇಂಗಾ ಎಣ್ಣೆ ಅಲ್ಲಿ ಎಂದು ಹಂಚಿ ಖರೀದಿಸಿದರೆ ತಿಂಗಳ ಕೊನೆಗೆ ಒಂದು ಮಸಾಲೆದೋಸೆಯಷ್ಟು ಉಳಿಯುತ್ತದೆ. ಆ ದೋಸೆಯನ್ನು ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರ ನಾನೊಬ್ಬಳೇ ತಿಂದುಬಿಡುತ್ತೇನೆ, ಅದು ಬೇರೆ ಮಾತು.

ಬರೀ ದರ ಬರೆದಿದ್ದರೆ ಅಪಾಯವಿರಲಿಲ್ಲ. ಪಕ್ಕದಲ್ಲಿ ‘ಷರಾ’ ಎಂದೊಂದು ಕಾಲಂ ಎಳೆದೆ. ಅಲ್ಲಿ ಅಂಗಡಿಯವರ ಬಗ್ಗೆ ಮನಸ್ಸಿಗೆ ತೋಚಿದ್ದನ್ನೆಲ್ಲ ಬರೆದೆ. ಇನ್ನು ನಮ್ಮ ಬೀದಿಯ ಪದ್ಧತಿ ಹೇಳಬೇಕು. ತಿಂಗಳ ಸಾಮಾನಿನ ಪುಸ್ತಕವನ್ನು ಬೆಳಿಗ್ಗೆ ಬಸಣ್ಣನ ಕಿರಾಣಿ ಅಂಗಡಿಯ ಗಲ್ಲೆಯ ಮೇಲಿಟ್ಟು ಹೋದರೆ ಸಂಜೆಗೆ ಚೀಲ ಕಟ್ಟಿ ಸಿದ್ಧವಾಗಿರುತ್ತದೆ. ನನ್ನ ಎರಡೂ ಪುಸ್ತಕಗಳಿಗೆ ಒಂದೇ ಕೆಂಪು ರಟ್ಟು. ಜೋಡಿ ಕೊಂಡರೆ ಐದು ರೂಪಾಯಿ ಕಡಿಮೆ ಎಂದಿದ್ದರು.

ಆ ದಿನ ಬಸ್ಸಿಗೆ ಓಡುವ ಅವಸರದಲ್ಲಿ ಪುಸ್ತಕ ಇಟ್ಟು ಹೋದೆ. ಊರು ದಾಟಿದ ಮೇಲೆ ಚೀಲ ತೆರೆದರೆ ಸಾಮಾನಿನ ಪಟ್ಟಿ ನನ್ನ ಕೈಯಲ್ಲೇ ಇದೆ! ಗಲ್ಲೆಯ ಮೇಲಿಟ್ಟು ಬಂದದ್ದು ದರದ ಪುಸ್ತಕ, ಷರಾ ಸಮೇತ. ಬಸಣ್ಣ ಅಂದರೆ ಇಪ್ಪತ್ತು ವರ್ಷದ ಸಲಿಗೆ. ಬ್ಯಾಡಗಿ ಮೆಣಸಿನಕಾಯಿಯ ಚೀಲ ಬಿಚ್ಚಿದರೆ ಮೊದಲು ನಮ್ಮ ಮನೆಯ ಪಾಲು ಆರಿಸಿಡುವವನು. ಅತ್ತೆಗೆ ಪಥ್ಯ ಹೇಳಿದಾಗ ಎಲ್ಲಿಂದಲೋ ನವಣೆ ಹುಡುಕಿ ತಂದವನು. ಅಂಥವನನ್ನು ಒಂದು ಕಾಲಮ್ಮಿನಿಂದ ಕಳೆದುಕೊಳ್ಳಲಿದ್ದೆ. ಫೋನ್ ಮಾಡಿದರೆ ಎತ್ತಲಿಲ್ಲ. ಓದುತ್ತಿದ್ದಾನೆ ಎಂದುಕೊಂಡೆ. ಯಜಮಾನರಿಗೆ ಹೇಳಿದೆ. ಅವರು ಸಾವಧಾನವಾಗಿ, “ಇನ್ಮೇಲೆ ಎಲ್ಲಾ ಸೊರಬದಿಂದ್ಲೇ ತಂದುಬಿಡು, ಜೀವಮಾನ ಪೂರ್ತಿ” ಎಂದು ಫೋನ್ ಇಟ್ಟರು. ಅಂದು ತರಗತಿಯಲ್ಲಿ ನಾನು ಏನು ಪಾಠ ಮಾಡಿದೆನೋ ಮಕ್ಕಳಿಗೇ ಗೊತ್ತು.

ಸಂಜೆ ಹೋದಾಗ ಬಸಣ್ಣ ಕನ್ನಡಕ ಹಾಕಿಕೊಂಡು ಕೂತಿದ್ದ. ಪುಸ್ತಕ ತೆರೆದಿತ್ತು. ಸ್ಟೂಲು ಮುಂದೆ ತಳ್ಳಿದ.

“ಬರ್ರಿ ಅಕ್ಕೋರೆ, ಕುಂತ್ಕೊಳ್ರಿ. ‘ಹುಣಸೆಹಣ್ಣು: ಬೀಜವೇ ಹೆಚ್ಚು. ಮಾತು ಜಾಸ್ತಿಯಾದ ದಿನ ತಕ್ಕಡಿಯ ಮೇಲೆ ಕಣ್ಣಿಡಬೇಕು.’ ಇದು ನಾನೇ ಅಲ್ರಿ?”

ಅಕ್ಕಿ ಕೊಳ್ಳಲು ಬಂದ ಇಬ್ಬರು ಅಕ್ಕಿ ಮರೆತು ನನ್ನ ಮುಖ ನೋಡಿದರು. ಬಸಣ್ಣ ಹಾಳೆ ತಿರುವಿದ.

“ಬೀಜದ ಮಾತು ಖರೆ ಐತ್ರಿ. ಅದಿರ್ಲಿ, ಈ ಸೊರಬದ ಅಂಗಡಿ, ‘ನಕ್ಕರೆ ಹಲ್ಲು ಸವೆದೀತೆಂಬ ಭಯ’ ಅಂತ ಬರ್ದೀರಲ್ಲ, ಅವ್ರು ನಮ್ಮ ಅಕ್ಕನ ಗಂಡ. ಯಾವ ಹಬ್ಬಕ್ಕೆ ಹೋದ್ರೂ ಹೋಳಿಗಿ ಬಡಿಸ್ತಾರೆ, ರೇಟು ಮಾತ್ರ ಬಾಯಿ ಬಿಡಂಗಿಲ್ಲ. ನೀವು ಒಂದು ವರ್ಷದ್ದು ಬರ್ದಿಟ್ಟೀರಿ!”

ಒಳಗಿದ್ದ ಹೆಂಡತಿಯನ್ನು ಕರೆದು ಹಲ್ಲಿನ ಷರಾವನ್ನು ಮತ್ತೊಮ್ಮೆ ಓದಿಸಿದ. ಆಕೆ ಸೆರಗು ಬಾಯಿಗಿಟ್ಟು ನಕ್ಕಳು, ಅಕ್ಕಿಯವರೂ ನಕ್ಕರು, ಜೀವ ಬಂದಂತಾಗಿ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಚಹಾ ಬಂತು. ಪಟ್ಟಿ ಕೊಟ್ಟೆ, ಸಾಮಾನಿನ ಜೊತೆ ಬೀಜ ತೆಗೆದ ಹುಣಸೆಹಣ್ಣೂ ಬಂತು. ಬೇಕಾದರೆ ಪುಸ್ತಕ ಇನ್ನೆರಡು ದಿನ ಇಟ್ಟುಕೋ ಬಸಣ್ಣ ಎಂದು ಉದಾರವಾಗಿ ಹೇಳಿ ಬಂದೆ.

ಉದಾರತೆಯ ಫಲ ಮುಂದಿನ ತಿಂಗಳು ಕಂಡಿತು. ಸೊರಬಕ್ಕಿಂತ ಅಗ್ಗವಾಗಿದ್ದ ಬೆಲ್ಲ, ರವೆ, ಅವಲಕ್ಕಿ ಬಸಣ್ಣನಲ್ಲಿ ಸೊರಬದ ದರಕ್ಕೆ ಏರಿದ್ದವು. ದುಬಾರಿಯಾಗಿದ್ದ ಯಾವುದೂ ಇಳಿದಿರಲಿಲ್ಲ. ಸೊರಬದ ಅವನ ಭಾವನಿಗೂ ಸುದ್ದಿ ಮುಟ್ಟಿತ್ತೆಂದು ಕಾಣುತ್ತದೆ, ಅಲ್ಲಿ ಶೇಂಗಾ ಎಣ್ಣೆ ಶಿಕಾರಿಪುರದ ದರ ಮುಟ್ಟಿತು. ಹೀಗೆ ಎರಡು ತಾಲ್ಲೂಕುಗಳ ದರ ಒಂದಾಯಿತು.

ಮೊನ್ನೆ ಪಕ್ಕದ ಮನೆಯ ಶಾರದಕ್ಕ ಬಂದು, ಕಾಲೇಜಿನಲ್ಲಿ ಇದನ್ನೇ ಹೇಳಿಕೊಡುತ್ತೀರಲ್ಲ, ಈ ಬೆಲ್ಲ ಇದ್ದಕ್ಕಿದ್ದಂತೆ ಯಾಕೆ ಏರಿತು ಹೇಳಿ ಎಂದು ಕೂತರು. ಬೇಡಿಕೆ, ಪೂರೈಕೆ, ಮಾರುಕಟ್ಟೆಯ ಶಕ್ತಿಗಳು ಎಂದು ಅರ್ಧ ಗಂಟೆ ವಿವರಿಸಿದೆ. ಆ ಶಕ್ತಿಯೇ ಅವರಿಗೆ ಚಹಾ ಸೋಸಿ ಕೊಡುತ್ತಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.