ಅಡ್ಡಹೆಸರು ನಿರ್ಮೂಲನಾ ಸಮಿತಿಗೆ ನಾನು ಸಂಚಾಲಕನಾದದ್ದು

ಪಾಲಕರ ಸಭೆ ಎಂದರೆ ನನಗೆ ಯಾವತ್ತೂ ಅಂಜಿಕೆಯಿಲ್ಲ. ಮಾನ್ವಿಯ ಸರ್ಕಾರಿ ಕಚೇರಿಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಟಪಾಲು ನೋಡುತ್ತಿರುವ ಗುಮಾಸ್ತ ನಾನು. ಸಭೆ, ನಡಾವಳಿ, ಸುತ್ತೋಲೆ, ಜ್ಞಾಪನ ಇವುಗಳ ನಡುವೆಯೇ ನನ್ನ ತಲೆಗೂದಲು ಉದುರಿದೆ. ಹೀಗಾಗಿ ಮೂರನೇ ತರಗತಿಯ ನನ್ನ ಮಗ ಸಮರ್ಥ ಶಾಲೆಯಿಂದ ಚೀಟಿಯೊಂದನ್ನು ತಂದುಕೊಟ್ಟಾಗ ನಾನು ಖುಷಿಯಿಂದಲೇ ಓದಿದೆ. "ಮಕ್ಕಳು ಒಬ್ಬರನ್ನೊಬ್ಬರು ಕಾಡಿಸುವ ಬಗ್ಗೆ ಮಾತನಾಡೋಣ. ಶನಿವಾರ ಪಾಲಕರು ದಯವಿಟ್ಟು ಬರಬೇಕು" ಎಂದಿತ್ತು.

"ನೀವ ಹೋಗ್ರಿ" ಎಂದಳು ಹೆಂಡತಿ ಸಾವಿತ್ರಿ. "ಆದ್ರ ಭಾಷಣ ಮಾಡಬ್ಯಾಡ್ರಿ. ಸುಮ್ಮ ಕೇಳಿಸ್ಕೊಂಡು ಬರ್ರಿ."

"ಬರೇ ಕೇಳಿಸ್ಕೊಳ್ಳಾಕ ನಾನೇ ಯಾಕ ಹೋಗಬೇಕು?" ಎಂದು ಕೇಳಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ.

ನಮ್ಮ ಓಣಿಯ ಆ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ ನಾಗರತ್ನ ಟೀಚರು ಮೆಲುದನಿಯವರು. ಎಷ್ಟು ಮೆಲುದನಿ ಎಂದರೆ, ಮೊದಲ ದಿನವೇ ನಾನು ಅವರಿಗೆ ಮನೆಯಲ್ಲಿ 'ಸೈಲೆಂಟ್ ಮೋಡ್' ಎಂದು ಹೆಸರಿಟ್ಟಿದ್ದೆ. ಹೆಸರಿಡುವುದರಲ್ಲಿ ನನ್ನದು ಪಳಗಿದ ಕೈ. ಪಕ್ಕದ ಮನೆಯ ಮಾತುಗಾರ ಅಜ್ಜಿ 'ಬ್ರೇಕಿಂಗ್ ನ್ಯೂಸ್'. ಎದುರು ಮನೆಯ ದಪ್ಪ ಸಾವ್ಕಾರ 'ಅಕ್ಕಿ ಗೋಡೌನ್'. ಇದರಿಂದ ಯಾರಿಗೂ ತೊಂದರೆಯಿಲ್ಲ, ನಗುವವರಿಗೆ ಉಪಕಾರ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು.

ಟೀಚರು ಹೇಳಿದ್ದು ಇಷ್ಟೇ: ಮೂರನೇ ತರಗತಿಯ ಒಬ್ಬ ಹುಡುಗಿಗೆ ಮಕ್ಕಳೆಲ್ಲ ಅಡ್ಡಹೆಸರಿಟ್ಟು ಕಾಡಿಸುತ್ತಿದ್ದಾರೆ. ಆಕೆ ಒಂದು ವಾರದಿಂದ ಶಾಲೆಗೆ ಬಂದಿಲ್ಲ. "ಆಕಿ ಹೆಸರು ಹೇಳಂಗಿಲ್ರಿ ನಾನು. ಯಾರು ಮಾಡಿದ್ರು ಅಂತನೂ ಹುಡುಕಾಕತ್ತಿಲ್ಲ. ನಿಮ್ಮ ನಿಮ್ಮ ಮನ್ಯಾಗ ಮಕ್ಕಳ ಕೂಡ ಕುಂತು ಮಾತಾಡ್ರಿ. ಮನಿ, ಸಾಲಿ ಎರಡೂ ಕಡಿ ಒಂದ ಮಾತು ಕೇಳಿದ್ರ ಮಕ್ಕಳು ತಿಳ್ಕೋತಾವ."

ಇಷ್ಟು ದೊಡ್ಡ ಪ್ರಕರಣಕ್ಕೆ ಇಷ್ಟು ಸಣ್ಣ ಕ್ರಮವೇ? ನಾನು ಎದ್ದು ನಿಂತೆ!

"ಟೀಚರ್, ಇದು ಮಾತಾಡಿ ಬಗೆಹರಿಯೋ ವಿಷಯ ಅಲ್ರಿ. ಸಮಿತಿ ಆಗಬೇಕು. ವಿಚಾರಣೆ ಆಗಬೇಕು. ಮೂಲ ಅಪರಾಧಿ ಸಿಗಬೇಕು!"

ಉಳಿದ ಪಾಲಕರಿಗೆ ರೈಸ್ ಮಿಲ್ಲಿನ ಪಾಳಿಯಿತ್ತು, ರಾಯಚೂರಿನ ಬಸ್ಸಿತ್ತು, ಒಲೆಯ ಮೇಲೆ ಬೇಳೆಯಿತ್ತು. "ಹಂಗಾದ್ರ ನೀವ ಆಗ್ರಿ ಸರ್" ಎಂದು ಒಕ್ಕೊರಲಿನಿಂದ ಹೇಳಿ ಎದ್ದರು. ಎರಡೇ ನಿಮಿಷದಲ್ಲಿ ನಾನು ಅಡ್ಡಹೆಸರು ನಿರ್ಮೂಲನಾ ಸಮಿತಿಯ ಸಂಚಾಲಕನಾಗಿದ್ದೆ. ಸಮಿತಿಯಲ್ಲಿ ಬೇರೆ ಸದಸ್ಯರು ಇರಲಿಲ್ಲ. ಅದರಿಂದ ಕೆಲಸ ಬೇಗ ಆಗುತ್ತದೆ ಎಂದುಕೊಂಡೆ.

ಮನೆಗೆ ಬಂದವನೇ ಮಗನನ್ನು ಕರೆದೆ. "ಏನಂತ ಹೆಸರಿಟ್ಟಾರೋ ಆ ಹುಡುಗಿಗಿ?"

"ಟವರ್" ಎಂದ ಸಮರ್ಥ. "ಆಕಿ ಎತ್ತರ ಅದಾಳಲ್ಲ, ಅದಕ್ಕ. ಆಕಿ ಬಂದ್ಕೂಡ್ಲೇ ಎಲ್ಲಾರೂ ಕೈ ಮೊಬೈಲ್ ಮಾಡಿ ಮ್ಯಾಲ ಹಿಡಿದು, 'ಸಿಗ್ನಲ್ ಬಂತು, ಸಿಗ್ನಲ್ ಬಂತು' ಅಂತಾರ."

ನನಗೆ ಒಳಗೊಳಗೇ ನಗು ಬಂತು. ಇಟ್ಟವನು ಯಾರೇ ಆಗಲಿ, ಪ್ರತಿಭಾವಂತ! ಆದರೆ ಸಂಚಾಲಕನಾದವನು ನಗಬಾರದು. "ಎಂಥಾ ಕಟುಕ ಮನಸ್ಸು!" ಎಂದು ಹುಬ್ಬು ಗಂಟಿಕ್ಕಿದೆ.

"ಅಪ್ಪಾ, ಅದು ಏನಾತಂದ್ರ..." ಎಂದು ಮಗ ಏನನ್ನೋ ಹೇಳಲು ಬಂದ.

"ಸಾಕು. ಮುಂದಿಂದು ಗೌಪ್ಯ!" ಎಂದು ಅವನ ಬಾಯಿ ಮುಚ್ಚಿಸಿದೆ.

ಮೊದಲ ಕ್ರಮವಾಗಿ ದೂರು ಪೆಟ್ಟಿಗೆ. ಅದಕ್ಕೆ ಸಾವಿತ್ರಿಯ ಅಕ್ಕಿ ಡಬ್ಬಿಯೇ ಸರಿಯಾದ ಅಳತೆಯದೆಂದು ಕಂಡುಬಂತು. ಮುಚ್ಚಳದಲ್ಲಿ ಉದ್ದನೆಯ ಸೀಳು ಕೊರೆದೆ.

"ಅಕ್ಕಿ ಎಲ್ಲಿ ಹಾಕ್ಲಿ ನಾನು?" ಎಂದಳು ಸಾವಿತ್ರಿ.

"ಸಮಾಜದ ಕೆಲಸ ಇದು."

"ಸಮಾಜ ಅನ್ನ ಉಣ್ಣಂಗಿಲ್ಲೇನು?"

ಡಬ್ಬಿಯೊಂದಿಗೆ ಹೊರನಡೆದೆ. ಸೋಮವಾರ ಶಾಲೆಯ ಜಗಲಿಯ ಮೇಲೆ ಇಟ್ಟದ್ದನ್ನು ಬುಧವಾರ ತೆರೆದೆ. ಡಬ್ಬಿ ತುಂಬಿತ್ತು! ನನ್ನ ಎದೆಯೂ ತುಂಬಿತು. ಮೊದಲು ಹೊರಬಂದದ್ದು ಒಂದು ಜೀವಂತ ಮಿಡತೆ. ಅದು ಸಂಚಾಲಕನ ಮೂಗಿನ ಮೇಲೆ ಕೂತು, ಸ್ವಲ್ಪ ಯೋಚಿಸಿ, ಹಾರಿಹೋಯಿತು. ಆಮೇಲೆ ಅರ್ಧ ಕಚ್ಚಿದ ಶೇಂಗಾ ಚಿಕ್ಕಿ, ಒಂದು ಹಲ್ಲಿಯ ಚಿತ್ರ, ಮತ್ತು ಹದಿನಾಲ್ಕು ಚೀಟಿಗಳು. "ಉಪ್ಪಿಟ್ಟಿನಾಗ ಮೆಣಸಿನಕಾಯಿ ಭಾಳ." "ನನ್ನ ಪೆನ್ಸಿಲ್ ನಾನೇ ಕಳಕೊಂಡೀನಿ, ಯಾರ ಮ್ಯಾಲಾದ್ರೂ ಕ್ರಮ ತಗೋರಿ." "ಡಬ್ಬಿ ತಂದ ಅಂಕಲ್ ಭಾಳ ಜೋರ್ ಮಾತಾಡ್ತಾರ."

ಅಡ್ಡಹೆಸರಿನ ಬಗ್ಗೆ ಒಂದೂ ಇರಲಿಲ್ಲ.

ಎರಡನೆಯ ಕ್ರಮ, ನೋಟಿಸು. ಇದು ನನ್ನ ಸ್ವಂತ ಕ್ಷೇತ್ರ. ಗುರುವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ, ಶಾಲೆಯ ಗೇಟಿನ ಪಕ್ಕದ ಗೋಡೆಗೆ ದೊಡ್ಡ ಹಾಳೆ ಅಂಟಿಸಿದೆ. "ಈ ಮೂಲಕ ಸಮಸ್ತ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ, ಮೂರನೇ ತರಗತಿಯ ಎತ್ತರದ ವಿದ್ಯಾರ್ಥಿನಿಯನ್ನು 'ಟವರ್' ಎಂಬ ಹೆಸರಿನಿಂದ ಯಾರೂ ಕರೆಯತಕ್ಕದ್ದಲ್ಲ. ಸದರಿ ವಿದ್ಯಾರ್ಥಿನಿ ಬಂದಾಗ 'ಸಿಗ್ನಲ್ ಬಂತು' ಎಂದು ಕೂಗತಕ್ಕದ್ದಲ್ಲ." ಎಲ್ಲರಿಗೂ ಕಾಣಲೆಂದು 'ಟವರ್' ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಅಲ್ಲಿಯವರೆಗೆ ಆ ಹೆಸರು ಒಂದೇ ತರಗತಿಗೆ ಗೊತ್ತಿತ್ತು. ಪ್ರಾರ್ಥನೆಯ ಗಂಟೆ ಹೊಡೆಯುವಷ್ಟರಲ್ಲಿ ಏಳೂ ತರಗತಿಗಳಿಗೆ ಗೊತ್ತಾಯಿತು! ಏಳನೆಯವರು ಜೋರಾಗಿ ಓದಿದರು. ಒಂದನೆಯವರು ಅಕ್ಷರ ಕೂಡಿಸಿ, "ಟ... ವ... ರ್" ಎಂದು ರಾಗವಾಗಿ ಒಪ್ಪಿಸಿದರು. ಓದಲು ಬಾರದವರಿಗೆ ಬಲ್ಲವರು ಅಭಿನಯಿಸಿ ತೋರಿಸಿದರು.

ಅದೇ ಹೊತ್ತಿಗೆ ನಾಗರತ್ನ ಟೀಚರು ಒಬ್ಬ ಹುಡುಗಿಯ ಕೈ ಹಿಡಿದುಕೊಂಡು ರಸ್ತೆಯ ತಿರುವಿನಲ್ಲಿ ಬಂದರು. ವಯಸ್ಸಿಗೆ ಎತ್ತರದ ಹುಡುಗಿ. ಆದರೆ ಭುಜಗಳನ್ನು ಒಳಗೆಳೆದು, ಬೆನ್ನು ಬಾಗಿಸಿ, ಏನೋ ಕಳೆದುಕೊಂಡವಳಂತೆ ನೆಲ ನೋಡುತ್ತ ನಡೆಯುತ್ತಿದ್ದಳು. ಗೇಟಿನ ಬಳಿ ನಲವತ್ತು ಕೈಗಳು ಮೇಲೆದ್ದವು. ಹುಡುಗಿ ನಿಂತಳು. ಟೀಚರ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಬಂದ ದಾರಿಯಲ್ಲೇ ಓಡಿದಳು.

ಟೀಚರು ನನ್ನನ್ನು ಬೈಯಲಿಲ್ಲ. ನೋಟಿಸನ್ನು ಗೋಡೆಯಿಂದ ಮೆಲ್ಲಗೆ ಕಿತ್ತು, ನಾಲ್ಕು ಮಡಿಕೆ ಮಡಚಿ ನನ್ನ ಕೈಗೆ ಕೊಟ್ಟರು. "ಮೂರು ದಿನ ಅವರ ಮನ್ಯಾಗ ಕುಂತು, ಮಾತಾಡಿ, ಇವತ್ತು ಕರಕೊಂಡು ಬಂದಿದ್ದೆ ಸರ್" ಎಂದರು. ಅಷ್ಟೇ.

ನನಗೆ ನಿಜಕ್ಕೂ ಬೇಸರವಾಯಿತು. ಆದರೆ ಬೇಸರವಾದ ಗುಮಾಸ್ತ ಸುಮ್ಮನೆ ಕೂರುವುದಿಲ್ಲ, ಇನ್ನೊಂದು ಸಭೆ ಕರೆಯುತ್ತಾನೆ!

ಶನಿವಾರ ಶಾಲೆಯ ಬೇವಿನ ಮರದ ಕೆಳಗೆ ಮೂರನೇ ತರಗತಿಯ ಮಕ್ಕಳು, ಪಾಲಕರು ಎಲ್ಲ ಸೇರಿದರು. ಸಾವಿತ್ರಿಯೂ ಬಂದಿದ್ದಳು, ಡಬ್ಬಿ ವಾಪಸು ಒಯ್ಯಲು. ಟೀಚರು ಎಲ್ಲರನ್ನೂ ದುಂಡಗೆ ಕೂರಿಸಿ, "ಆಕಿ ಹೆಸರು ಈಗ ಎಲ್ಲಾರಿಗೂ ಗೊತ್ತಾಗೇದ. ನಾವು ಸುಜಾತಾಗ ಹೆಂಗ ಸಹಾಯ ಮಾಡೋಣು ಅಂತ ಮಾತಾಡೋಣ" ಎಂದು ಶುರುಮಾಡುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ಒಂದ ನಿಮಿಷ ಟೀಚರ್! ಮೊದಲು ಮೂಲ ಹಿಡಿಯೋಣ." ಎದುರಿಗಿದ್ದ ಮುಬೀನಾ ಎಂಬ ಹುಡುಗಿಯನ್ನು ಕೇಳಿದೆ. "ನಿನಗ ಆ ಹೆಸರು ಯಾರು ಹೇಳಿದ್ರು?"

"ವೀರೇಶ."

"ವೀರೇಶಾ, ನಿನಗ?"

"ಶಿಲ್ಪಾ ಹೇಳಿದಳ್ರಿ."

"ಶಿಲ್ಪಾ?"

ಶಿಲ್ಪಾ ಬೆರಳು ತೋರಿಸಿದಳು. ಬೆರಳಿನ ತುದಿಯಲ್ಲಿ ನನ್ನ ಮಗ ಕುಳಿತಿದ್ದ.

ಸಭೆಯಲ್ಲಿ ಗುಸುಗುಸು ಎದ್ದಿತು. ನಾನು ಅಳುಕಲಿಲ್ಲ. ನ್ಯಾಯದ ಮುಂದೆ ಮಗನೂ ಒಂದೇ, ಮಂದಿಯೂ ಒಂದೇ ಎಂದು ತೋರಿಸುವ ಅವಕಾಶ ಜೀವನದಲ್ಲಿ ಎಷ್ಟು ಜನರಿಗೆ ಸಿಗುತ್ತದೆ? ಎದೆ ಉಬ್ಬಿಸಿ ಗುಡುಗಿದೆ. "ಸಮರ್ಥಾ! ಎದ್ದು ನಿಲ್ಲು! ಈ ಹೊಲಸು ಬುದ್ಧಿ ನಿನಗ ಯಾರು ಕಲಿಸಿದ್ರು?"

ಮಗ ನನ್ನ ಮುಖವನ್ನೇ ನೋಡಿದ. "ನೀವ ಅಲ್ಲೇನಪ್ಪಾ."

"ಏನು?"

"ಎರಡು ತಿಂಗಳ ಹಿಂದ ಸುಜಾತಾ ನೋಟ್‌ಬುಕ್ ಕೊಡಾಕ ನಮ್ಮನಿಗಿ ಬಂದಿದ್ದಳು. ನೀವು ಫೋನ್ ಹಿಡ್ಕೊಂಡು, 'ಬಾ ಬೇ ಟವರ್, ನೀ ಬಂದ್ರ ಸಿಗ್ನಲ್ ಬರ್ತದ' ಅಂದ್ರಿ. ಮನಿಗಿ ಬಂದ ಮಂದಿ ಎಲ್ಲಾ ನಕ್ಕರು. ಅದಕ್ಕ ಇನ್ನೊಮ್ಮಿ ಅಂದ್ರಿ. ನಾ ಅವತ್ತ ಹೇಳಾಕ ಬಂದಿದ್ದೆ. ನೀವು ಗೌಪ್ಯ ಅಂದ್ರಿ."

ನನಗೆ ಎಲ್ಲವೂ ನೆನಪಾಯಿತು. ಆ ನಗು ನೆನಪಾಯಿತು. ನೋಟ್‌ಬುಕ್ ಹಿಡಿದು ನಗದೆ ನಿಂತಿದ್ದ ಒಬ್ಬಳೂ ನೆನಪಾದಳು. ಮೂಲ ಅಪರಾಧಿ ಸಿಕ್ಕಿದ್ದ. ಇಸ್ತ್ರಿ ಅಂಗಿ ತೊಟ್ಟು ವೃತ್ತದ ನಡುವೆ ನಿಂತಿದ್ದ!

ನಾನು ಕೂರಲು ಜಾಗ ಹುಡುಕಿದೆ. ಸಾವಿತ್ರಿ ಡಬ್ಬಿಯನ್ನು ಸರಿಸಿ ಜಾಗ ಕೊಟ್ಟಳು.

"ಮಕ್ಕಳು ನಮ್ಮ ಮನಿಂದನ ಮಾತು ತರ್ತಾವ್ರಿ" ಎಂದರು ಟೀಚರು, ಎಲ್ಲ ಪಾಲಕರನ್ನೂ ನೋಡುತ್ತ. "ಸರ್ ಅವರದು ಇವತ್ತು ಗೊತ್ತಾತು. ನಮ್ಮ ನಮ್ಮದೂ ನೋಡ್ಕೊಳೋಣ." ಗುಸುಗುಸು ನಿಂತಿತು. ಎದುರು ಕುಳಿತಿದ್ದ ಇಬ್ಬರು ಪಾಲಕರು ತಮ್ಮ ಮಕ್ಕಳ ಮುಖ ನೋಡಿ, ಸಟ್ಟನೆ ಬೇರೆ ಕಡೆ ತಿರುಗಿದರು.

ಮರುದಿನ ಸಂಜೆ ಟೀಚರು, ಸಾವಿತ್ರಿ, ಸಮರ್ಥ ಮತ್ತು ನಾನು ಸುಜಾತಾಳ ಮನೆಗೆ ಹೋದೆವು. ಆಕೆಯ ತಾಯಿ ಶಾಂತಮ್ಮ ನರ್ಸು. ದೇವದುರ್ಗ ತಾಲೂಕಿನ ಜಾಲಹಳ್ಳಿಯಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಬಾಗಿಲ ಮೇಲೆ ಬುದ್ಧನ ಚಿತ್ರ, ಕೆಳಗೆ ಸಣ್ಣ ಚಪ್ಪಲಿಗಳು.

"ಕುಂದರ್ರಿ" ಎಂದರು ಶಾಂತಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ಮಗಳು ಬೆನ್ನು ಬಾಗಿಸಿ ನಡಿಯಾಕ ಹತ್ತಿದಳ್ರಿ. ನಾನು ನರ್ಸ್ ಅಲ್ಲೇನ್ರಿ, ಎಲುಬು ಸೊರಗ್ಯಾವ ಅಂತ ದಿನಾ ಕ್ಯಾಲ್ಸಿಯಂ ಗುಳಿಗಿ ಕೊಟ್ಟೆ. ಎರಡು ತಿಂಗಳು ಕೊಟ್ಟೆ." ಅವರ ದನಿ ಏರಲಿಲ್ಲ. "ಗುಳಿಗಿ ಯಾಕ ಹತ್ತವಲ್ಲವು ಅಂತ ಈಗ ತಿಳೀತು."

ನಾನು ಕಿಸೆಯಿಂದ ಕ್ಷಮಾಪಣಾ ಪತ್ರ ತೆಗೆದೆ. ಹಿಂದಿನ ರಾತ್ರಿ ಊಟಕ್ಕೆ ಮೊದಲೇ ಕೂತು ಬರೆದದ್ದು. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ, ನನ್ನಿಂದ ಅಚಾತುರ್ಯದಿಂದ ಉಂಟಾದ..." ಎಂದು ಓದತೊಡಗಿದೆ.

ಬಾಗಿಲ ಸಂದಿಯಿಂದ ಸುಜಾತಾ ತಲೆ ಹಾಕಿದಳು. "ಅವ್ವಾ, ಇವರು ಏನಂತಾರ?"

"ನನಗೂ ತಿಳಿಯವಲ್ಲದು" ಎಂದರು ಶಾಂತಮ್ಮ.

ಕಾಗದ ಮಡಚಿಟ್ಟೆ. ಹದಿನೆಂಟು ವರ್ಷದ ಅನುಭವ ಅಲ್ಲಿಗೆ ಮುಗಿಯಿತು. "ತಪ್ಪಾತವ್ವಾ" ಎಂದೆ. "ಮಂದಿ ನಗಲಿ ಅಂತ ನಿನಗ ಹಂಗಂದೆ. ನಿನ್ನ ಮುಖ ನೋಡಲಿಲ್ಲ."

ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ಅಳೆದಳು. ಅಳೆಯಲು ಬಹಳ ಹೊತ್ತು ಬೇಕಾಗಲಿಲ್ಲ, ನಾನು ಕುಳ್ಳ. "ನೀವು ಸಾಲ್ಯಾಗಿದ್ದಾಗ ನಿಮಗ ಏನಂತಿದ್ರು?" ಎಂದು ಕೇಳಿದಳು.

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ ಸಾವಿತ್ರಿಗೂ ಹೇಳದ ಸಂಗತಿ ಅದು. "ಚಿಮಣಿ" ಎಂದೆ.

ಸಮರ್ಥ ಕಿಸಕ್ಕೆಂದ. ಸಾವಿತ್ರಿ ಅವನ ತೊಡೆ ಚಿವುಟಿದಳು.

"ಚೀಕಲಪರ್ವಿ ಸಾಲ್ಯಾಗ. ಸಣ್ಣಾಂವ ಇದ್ದೆನಲ್ಲ, ಚಿಮಣಿ ದೀಪದಷ್ಟು. ನಾ ಒಳಗ ಬಂದ್ಕೂಡ್ಲೇ ಎಲ್ಲಾರೂ ನನ್ನ ಕಡಿ ತಿರುಗಿ ಉಫ್ ಅಂತ ಊದತಿದ್ರು. ದೀಪ ಆರಿಸಿದಂಗ. ಎಷ್ಟೋ ದಿನ ಸಾಲಿಗಿ ಹೋಗದ ಹೊಳಿ ದಂಡ್ಯಾಗ ಕುಂತು, ಗಂಟಿ ಆದ ಮ್ಯಾಲ ಮನಿಗಿ ಹೋಗೀನಿ."

"ಆಮ್ಯಾಲ ಯಾರಾರ ಬಂದು ತಪ್ಪಾತು ಅಂದ್ರೇನು?"

"ಇಲ್ಲವ್ವಾ. ಯಾರೂ ಬರಲಿಲ್ಲ."

ಸುಜಾತಾ ಚೌಕಟ್ಟಿಗೆ ಒರಗಿ ಯೋಚಿಸಿದಳು. "ನಾಳಿ ಬರಂಗಿಲ್ಲ ನಾನು" ಎಂದು ಟೀಚರಿಗೆ ಹೇಳಿದಳು. "ನಾಡದು ನೋಡ್ತೀನಿ."

ನಾಡಿದ್ದೂ ಬರಲಿಲ್ಲ. ಬುಧವಾರ ಬಂದಳು. ಒಂದು ಕಡೆ ಮುಬೀನಾ, ಒಂದು ಕಡೆ ಶಿಲ್ಪಾ. ಇಬ್ಬರೂ ಆಕೆಯನ್ನು ಕರೆತರುತ್ತೇವೆಂದು ತಾವಾಗಿಯೇ ಟೀಚರ ಬಳಿ ಹೇಳಿದ್ದರು. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಆಕೆಯ ಚೀಲ ಹೊತ್ತು ನನ್ನ ಮಗ. ಗೇಟಿನ ಬಳಿ ಒಂದು ಕೈ ಮೇಲೇಳಲು ಹೊರಟಿತು. ಅದು ವೀರೇಶನದು. ಅವನ ತಾಯಿ ಅಲ್ಲೇ ನಿಂತಿದ್ದರು. ಕೈ ತಲೆ ಕೆರೆದುಕೊಂಡು ಕೆಳಗಿಳಿಯಿತು.

ಸಮಿತಿಯನ್ನು ಪುನಾರಚಿಸಲಾಯಿತು. ಶಾಂತಮ್ಮ ಸಂಚಾಲಕಿ, ಆರು ಜನ ಪಾಲಕರು ಸದಸ್ಯರು. ನೋಟಿಸಿಲ್ಲ, ಡಬ್ಬಿಯಿಲ್ಲ. ವಾರಕ್ಕೊಮ್ಮೆ ಟೀಚರ ಜೊತೆ ಕೂತು, ಯಾವ ಮಗು ಸಪ್ಪಗಿದೆ, ಯಾವ ಮಗು ಒಂಟಿಯಾಗಿ ಉಣ್ಣುತ್ತಿದೆ ಎಂದು ಮಾತನಾಡುತ್ತಾರೆ. ಮನೆಯಲ್ಲಿ ಯಾರಾದರೂ ಅಡ್ಡಹೆಸರು ಕರೆದರೆ ಮಕ್ಕಳು "ತಪ್ಪು!" ಎಂದು ಕೂಗಬೇಕೆಂದು ಟೀಚರು ಹೇಳಿಕೊಟ್ಟಿದ್ದಾರೆ. ಮೊದಲ ದಿನ ನಮ್ಮ ಮನೆಯಲ್ಲಿ ಸಮರ್ಥ ಹನ್ನೊಂದು ಸಲ ಕೂಗಿದ. ಎರಡನೆಯ ದಿನ ನಾನು ಮಾತೇ ಆಡಲಿಲ್ಲ. ಮನೆ ಎಷ್ಟು ಪ್ರಶಾಂತವಾಗಿದೆ ಎಂದು ಸಾವಿತ್ರಿ ತವರಿಗೆ ಫೋನ್ ಮಾಡಿ ತಿಳಿಸಿದಳು.

ಸಮಿತಿಯಲ್ಲಿ ನನಗೂ ಒಂದು ಜವಾಬ್ದಾರಿ ಕೊಡಿ ಎಂದು ಕೇಳಿಕೊಂಡೆ. ಸದಸ್ಯರೆಲ್ಲ ಪರಸ್ಪರ ಮುಖ ನೋಡಿಕೊಂಡರು. "ಶನಿವಾರ ಮಕ್ಕಳ ಕೂಡ ಪಾಲಕರೂ ಲಗೋರಿ ಆಡ್ತೀವಿ. ನೀವೂ ಆಡಾಕ ಬರ್ರಿ" ಎಂದರು ಶಾಂತಮ್ಮ ಕೊನೆಗೆ. ಜವಾಬ್ದಾರಿ ಸಣ್ಣದಾಯಿತು ಎನಿಸಿದರೂ ಒಪ್ಪಿಕೊಂಡೆ. ಚಿಕ್ಕಂದಿನಲ್ಲಿ ಲಗೋರಿಯಲ್ಲಿ ನನ್ನನ್ನು ಹೊಡೆದವರೇ ಇರಲಿಲ್ಲ. ಕುಳ್ಳನಾದದ್ದರ ಏಕೈಕ ಲಾಭ ಅದು!

ಶನಿವಾರ ಏಳು ಬಿಲ್ಲೆ ಪೇರಿಸಿದರು. ನಮ್ಮ ಕಡೆಯವರು ಅವನ್ನು ಉರುಳಿಸಿದರು, ಚೆಂಡು ಎದುರು ಕಡೆಯ ಸುಜಾತಾಳ ಕೈಗೆ ಬಂತು. ಆಕೆ ಬೆನ್ನು ನೆಟ್ಟಗೆ ಮಾಡಿ, ತನ್ನ ಪೂರ್ತಿ ಎತ್ತರಕ್ಕೆ ನಿಂತು, ಕೈ ಹಿಂದೆಳೆದಳು. ಆಹಾ, ಎಷ್ಟು ಚೆನ್ನಾಗಿ ನಿಂತಿದ್ದಾಳೆ ಎಂದು ನಾನು ನೋಡುತ್ತ ಮೈಮರೆತೆ. ಚೆಂಡು ನೇರವಾಗಿ ನನ್ನ ಬೋಳು ತಲೆಗೆ ಬಡಿಯಿತು!

ಆಟ ಶುರುವಾಗಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ಸುಜಾತಾ ಓಡಿಬಂದಳು. "ಅಂಕಲ್, ಪೆಟ್ಟಾತೇನ್ರಿ?"

"ಇಲ್ಲವ್ವಾ. ಆದ್ರ ನಿಯಮದ ಪ್ರಕಾರ ತಲಿಗಿ ಬಡದ್ರ ಅದು ಲೆಕ್ಕಕ್ಕ..." ಎಂದು ನಾನು ವಿವರಿಸಲು ಆರಂಭಿಸಿದೆ.

"ಅಂಕಲ್" ಎಂದಳು ಆಕೆ, ನನ್ನ ತಲೆಯ ಮೇಲಿನಿಂದ ಆಟದ ಕಡೆ ನೋಡುತ್ತ. "ನೀವು ಔಟ್ ಆಗೀರಿ. ಆಚಿ ನಿಲ್ರಿ, ನಡುವ ಬರಾಕತ್ತೀರಿ."

ನಾನು ಹೋಗಿ ಆಚೆ ನಿಂತೆ. ಸಾವಿತ್ರಿ ಅಲ್ಲಿ ಮೊದಲೇ ನನಗೊಂದು ಜಾಗ ಹಿಡಿದಿಟ್ಟಿದ್ದಳು.