ರಾಹುಕಾಲದಲ್ಲಿ ಸಾಯುವ ಲೈನುಗಳು

ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದವನ ಜೊತೆ ಒಂದೇ ಸೂರಿನಡಿ ಬಾಳುವುದು ಕಷ್ಟ ಎಂದು ನಮ್ಮಮ್ಮ ಹೇಳುತ್ತಾಳೆ. ನಾನು ತಕ್ಷಣ ಎದುರುವಾದ ಹೂಡುತ್ತೇನೆ. ಅಲ್ಲಿಗೆ ಅವಳ ಮಾತು ಸಾಬೀತಾಗುತ್ತದೆ. ಕಾಲೇಜಿನಲ್ಲಿದ್ದಾಗ ಬೆಳಿಗ್ಗೆ ಜ್ಯೋತಿಷ್ಯದ ಪರ, ಮಧ್ಯಾಹ್ನ ಜ್ಯೋತಿಷ್ಯದ ವಿರುದ್ಧ ಮಾತಾಡಿ ಎರಡಕ್ಕೂ ಸ್ಟೀಲ್ ಲೋಟ ಹೊಡೆದುಕೊಂಡು ಬಂದವನು ನಾನು. ನಂಬಿದ್ದು ಮಾತ್ರ ಮಧ್ಯಾಹ್ನದ್ದನ್ನು. ಆಮೇಲೆ ರಾಹುಕಾಲ ನೋಡಿಕೊಂಡೇ ಮನೆ ಬಿಡುತ್ತಿದ್ದೆ, ಅದು ಶುರುವಾಯಿತೆಂದು ಖಾತ್ರಿಯಾದ ಮೇಲೆ. ಬಸ್ಸು ತಪ್ಪಿದರೆ ಅದು ಡ್ರೈವರಿನ ತಪ್ಪು.

ಇಂಥವನಿಗೆ ಪಾಂಡವಪುರದ ಬೀಜ-ಗೊಬ್ಬರ ಮಾರುವ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ಕೊನೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಶೀಳನೆರೆ ಅಂತ ಶಾಖೆಗೊಂದು ಕಂಪ್ಯೂಟರು, ಅದರ ಪಕ್ಕ ಟೆಲಿಫೋನ್ ತಂತಿಗೆ ಸಿಕ್ಕಿಸಿದ ಮೋಡೆಮ್ ಎಂಬ ಡಬ್ಬ. ನಮ್ಮ ಕಂಪ್ಯೂಟರು ಎಲ್ಲ ನಂಬರುಗಳಿಗೂ ಸರದಿಯ ಮೇಲೆ ಫೋನು ಮಾಡಬೇಕು. ಅತ್ತಲಿನ ಡಬ್ಬ ಕಿರ್ರೆಂದರೆ 'ಜೀವ ಇದೆ', ಇಲ್ಲದಿದ್ದರೆ 'ಸತ್ತಿದೆ' ಎಂದು ಅಚ್ಚುಹಾಕಬೇಕು. ಅರ್ಧ ಗಂಟೆಗೊಮ್ಮೆ ಇದನ್ನು ತಾನೇ ಮಾಡುವ ಪ್ರೋಗ್ರಾಮು ಬರೆದವನು ನಾನು. ಬರೆದು ಒಂದು ವಾರ ಬೀಗಿದೆ ಕೂಡ.

ಆದರೆ ಸೋಮವಾರ ಬಿಟ್ಟು ದಿನಕ್ಕೊಂದು ಹೊತ್ತು ಶಾಖೆಗಳೆಲ್ಲ ಒಟ್ಟಿಗೆ ಸಾಯುತ್ತಿದ್ದವು, ಒಂದೂವರೆ ಗಂಟೆ ಬಿಟ್ಟು ಒಟ್ಟಿಗೆ ಎದ್ದು ಕೂರುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಸತ್ತರೆ ಬುಧವಾರ ನಡುಮಧ್ಯಾಹ್ನ, ಮಂಗಳವಾರ ಇಳಿಹೊತ್ತು. ಹೆಡ್ ಕ್ಲರ್ಕ್ ಚಿಕ್ಕಣ್ಣನವರು ಅಚ್ಚಾದ ಹಾಳೆಯನ್ನೊಮ್ಮೆ, ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿದರು.

"ಲೇ, ಶುಕ್ರವಾರ ಅತ್ತೂವರೆಗೆ ಸುರುವಾಯ್ತದೆ. ಇದು ರಾಹುಕಾಲ ಕಣ್ಲಾ!"

"ಸೋಮವಾರ ಯಾಕೆ ಸಾಯಲ್ಲ ಹಂಗಾದ್ರೆ?" ಎಂದು ನಾನು ಪಾಟೀಸವಾಲು ಹಾಕಿದೆ.

"ಸೋಮವಾರ ನಾವು ಬಾಗ್ಲು ತಗೆಯೋ ವೊತ್ಗೆ ರಾಹು ಎದ್ದೋಗಿರ್ತಾನಲ್ಲಾ!"

ಎರಡು ಸಂಗತಿ ಜೊತೆಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಅಂತ ನಾನು ದೀರ್ಘವಾಗಿ ವಾದಿಸಿದೆ. "ಸರಿ ಬುಡು, ಕಾರಣ ನೀನೇ ಏಳು," ಎಂದರು. ನಾನು ಹಾಳೆಯನ್ನು ಮತ್ತೊಮ್ಮೆ ತಿರುವಿಹಾಕಿದೆ. ಕೇಳಿಸಿಕೊಂಡ ಮ್ಯಾನೇಜರು ತೀರ್ಪು ಕೊಟ್ಟರು: "ಈ ಶುಕ್ರವಾರದೊಳಗೆ ಸರಿಹೋಗದಿದ್ರೆ ಮೇಲುಕೋಟೆಯಿಂದ ಪುರೋಹಿತರನ್ನ ಕರೆಸಿ ರಾಹುಶಾಂತಿ ಮಾಡಿಸೋದೇ. ಪ್ರೋಗ್ರಾಮು ನಿಂದು ತಾನೆ? ಪಂಚೆ ಉಟ್ಟು ನೀನೇ ಕೂತ್ಕೋಬೇಕು."

ಕಂಪ್ಯೂಟರಿನ ಮುಂದೆ ಹೋಮಕುಂಡ, ಹೋಮಕುಂಡದ ಮುಂದೆ ನಾನು! ನನ್ನ ವಾದ ಕೇಳಿ ಚಪ್ಪಾಳೆ ತಟ್ಟಿದ ಗೆಳೆಯರು ಈ ಊರಲ್ಲೇ ಇದ್ದಾರೆ. ಅವರು ಪ್ರಸಾದಕ್ಕಂತೂ ತಪ್ಪದೆ ಬರುತ್ತಾರೆ. ನನಗೆ ನಿದ್ದೆ ಹಾರಿತು. ಪ್ರೋಗ್ರಾಮು ಕಾಯುವ ಹೊತ್ತನ್ನು ಹೆಚ್ಚಿಸಿದೆ, ಶಾಖೆಗಳ ಸರದಿ ತಿರುಗಿಸಿದೆ. ರಾಹು ಯಾವ ಊರಿಗೂ ಪಕ್ಷಪಾತ ಮಾಡಲಿಲ್ಲ. ಬುಧವಾರ ಬಸ್ಸು ಹತ್ತಿ ಕೆ.ಆರ್. ಪೇಟೆಗೇ ಹೋಗಿ ಡಬ್ಬದ ಪಕ್ಕ ಕೂತೆ. ಅದು ಹಸಿರು ದೀಪ ಹಚ್ಚಿಕೊಂಡು ಗುಂಡುಕಲ್ಲಿನಂತೆ ಆರೋಗ್ಯವಾಗಿತ್ತು; ಪಾಂಡವಪುರದಿಂದ ಕರೆಯೇ ಬರಲಿಲ್ಲ. ಎಕ್ಸ್‌ಚೇಂಜಿನ ಮೇಲೆ, ಡಬ್ಬ ಮಾರಿದವನ ಮೇಲೆ, ದಾರಿಯ ತಂತಿಕಂಬಗಳ ಮೇಲೆ ಅನುಮಾನಪಟ್ಟೆ.

ಗುರುವಾರ ಮಧ್ಯಾಹ್ನ ಎಲ್ಲ ಶಾಖೆಗಳೂ ಪದ್ಧತಿಯಂತೆ ಸತ್ತಾಗ, ಬೇರೇನೂ ತೋಚದೆ ನಮ್ಮ ಡಬ್ಬದ ತಂತಿ ಕಿತ್ತು ಒಂದು ಫೋನು ಸಿಕ್ಕಿಸಿ ಕಿವಿಗಿಟ್ಟುಕೊಂಡೆ. ರಾಹು ಮಾತಾಡುತ್ತಿದ್ದ:

"ಬಸ್ಸಾರ್ಗೆ ಉಪ್ಪು ಜಾಸ್ತಿ ಆಕ್ಬ್ಯಾಡ ಕಣವ್ವ, ಕಾಲು ಊದ್ಕತ್ತದೆ."

ಚಿಕ್ಕಣ್ಣನವರ ದನಿ! ರೆಕಾರ್ಡ್ ರೂಮಿಗೆ ಓಡಿದೆ. ಫೈಲುಗಳ ಗಂಟಿನ ಮೇಲೆ ಕೂತು ಹಳೇ ಫೋನು ಹಿಡಿದಿದ್ದರು. ಆ ಲೈನನ್ನು ಕಂಪ್ಯೂಟರಿಗೆ ಕೊಟ್ಟಾಗಲೇ ಆ ಫೋನಿನ ಸಂಪರ್ಕ ಕತ್ತರಿಸಿದ್ದಾರೆ ಎಂದು ನಾನು ನಂಬಿದ್ದೆ. ನನಗೆ ಹಾಗೆಂದವರು ಚಿಕ್ಕಣ್ಣನವರೇ. ಪರೀಕ್ಷಿಸದೆ ಏನನ್ನೂ ಒಪ್ಪದ ನಾನು ಅದನ್ನು ಮಾತ್ರ ಹಾಗೇ ಒಪ್ಪಿಕೊಂಡಿದ್ದೆ.

"ಏನ್ ಚಿಕ್ಕಣ್ಣೋರೆ ಇದು?"

ಅವರು ಫೋನಿನ ಬಾಯಿ ಮುಚ್ಚಿದರು. "ಮಗ್ಳು ಕಣ್ಲಾ. ನಾಗಮಂಗಲ್ದಲ್ಲವ್ಳೆ, ಏಳು ತಿಂಗ್ಳು. ರಾಹುಕಾಲ್ದಾಗೆ ಫೈಲು ಮುಟ್ಟಂಗಿಲ್ಲ, ಸುಮ್ಕೆ ಕೂತಿರೋ ಬದ್ಲು..."

"ರಾಹುಕಾಲದಲ್ಲಿ ಮಾತು ಮಾತ್ರ ಶುರು ಮಾಡಬಹುದಾ?"

"ಸುರು ಎಲ್ಲಿ ಮಾಡ್ದೆ? ಅವ್ಳು ಉಟ್ಟಾಗ ಸುರುವಾದ ಮಾತು. ಇದು ಮುಂದ್ವರಿಕೆ."

ಈ ವಾದಕ್ಕೆ ನನ್ನ ಎರಡೂ ಸ್ಟೀಲ್ ಲೋಟ ಅವರಿಗೇ ಸಲ್ಲಬೇಕಿತ್ತು. ಫೋನಿನೊಳಗಿಂದ "ಯಾರಪ್ಪಾ ಅದು?" ಎಂಬ ದನಿ ಬಂತು. "ನಮ್ ಆಫೀಸ್ ಉಡ್ಗ ಕಣವ್ವ, ರಾಹುನ ಉಡುಕ್ಕೊಂಡು ಬಂದವ್ನೆ," ಎಂದರು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ, "ಮ್ಯಾನೇಜರ್ಗೆ ಏಳ್ಬುಟ್ರೆ ಈ ಫೋನ್ನೂ ಕಿತ್ತಾಕ್ತಾರೆ ಕಣ್ಲಾ. ಅವ್ಳ್ಗೆ ಅಲ್ಲಿ ಮಾತಿಗೊಬ್ರಿಲ್ಲ."

ವಾಪಸು ಬಂದು ಕೂತೆ. ಊರಿಗೆ ಊರೇ ಒಂದೇ ಗಳಿಗೆಯಲ್ಲಿ ಸತ್ತಂತೆ ಕಂಡರೆ ನೋಡುವವನ ಕಣ್ಣಲ್ಲಿ ಐಬು ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನನ್ನ ಪ್ರೋಗ್ರಾಮು ಎಲ್ಲರ ನಾಡಿ ಹಿಡಿಯುತ್ತಿತ್ತು, ತನ್ನದೊಂದನ್ನು ಬಿಟ್ಟು. ಅದರ ಅಪ್ಪನ ಬುದ್ಧಿಯೇ ಅದಕ್ಕೂ ಬಂದಿತ್ತು. 'ಮೊದಲು ನಮ್ಮ ಲೈನು ಖಾಲಿಯಿದೆಯೇ ನೋಡು' ಎಂಬ ಒಂದು ಸಾಲು ಸೇರಿಸಿದರೆ ವಾದ ಗೆದ್ದಂತೆ. ಆದರೆ ಹಾಗೆ ಗೆದ್ದರೆ, ಲೈನು ಹಿಡಿದವರು ಯಾರೆಂದು ಮ್ಯಾನೇಜರು ಕೇಳದೆ ಬಿಡುತ್ತಿರಲಿಲ್ಲ. ನಾನು ಬೇರೊಂದು ಸಾಲು ಬರೆದೆ.

ಶುಕ್ರವಾರ ಹಾಳೆಯಲ್ಲಿ ಒಂದೂ ಸಾವಿಲ್ಲ. "ಏನಪ್ಪಾ ಮಾಡ್ದೆ?" ಎಂದರು ಮ್ಯಾನೇಜರು.

"ರಾಹುಕಾಲದಲ್ಲಿ ಯಾರಿಗೂ ಫೋನು ಮಾಡಬೇಡ ಅಂತ ಪ್ರೋಗ್ರಾಮಿಗೆ ಹೇಳಿದ್ದೀನಿ ಸಾರ್."

ಅವರು ಕಂಪ್ಯೂಟರಿಗೆ ಕೈಮುಗಿದರು. "ಮಿಷಿನ್ನೇ ಒಪ್ಕೊಂಡ್ಮೇಲೆ ನಿಂದೇನಪ್ಪ?" ಹೋಮ ರದ್ದಾಯಿತು. ಸುದ್ದಿ ಶಾಖೆಗಳಿಗೆಲ್ಲ ಹಬ್ಬಿತು.

ಕೆಲವು ವಾರದ ಮೇಲೆ, ಮತ್ತೊಂದು ಶುಕ್ರವಾರ, ಅದೇ ಲೈನಿನಲ್ಲಿ ಶೀಳನೆರೆ ಶಾಖೆಯವನು ಕೇಳಿದ: "ರಾಹುಕಾಲ ಸೇರಿಸಿದ್ರಂತಲ್ಲ ಸಾ, ಬಾಳ ಒಳ್ಳೇದಾಯ್ತು. ಯಮಗಂಡಕಾಲ ಯಾವಾಗ ಸೇರಿಸ್ತೀರಿ?" ಮೂಢನಂಬಿಕೆಯ ಬಗ್ಗೆ ಒಂದು ಭಾಷಣವನ್ನೇ ಬಿಗಿಯಲು ಬಾಯಿ ತೆರೆದೆ. ಅಷ್ಟರಲ್ಲಿ ಗಡಿಯಾರ ಕಣ್ಣಿಗೆ ಬಿತ್ತು: ಹತ್ತೂಕಾಲು ದಾಟಿತ್ತು.

"ಆಮೇಲೆ ಮಾತಾಡೋಣ, ಇಡಿ ಇಡಿ," ಎಂದೆ. "ರಾಹುಕಾಲ ಹತ್ರ ಬಂತು."