ಟೇಬಲ್ಲಿಗಾಗಿ ಹುಟ್ಟಿದವನು

ವಯಸ್ಸಾದಂತೆ ಮನುಷ್ಯನಿಗೆ ಪಾಪ ಮಾಡುವ ಶಕ್ತಿ ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿಕೊಂಡಿದ್ದೆ. ಮಹಾರಾಷ್ಟ್ರದ ಸಂಭಾಜಿನಗರದ ಪಕ್ಕದ ವಾಳೂಜಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತೈದು ವರ್ಷ ನಟ್ಟು ಬೋಲ್ಟುಗಳ ನಡುವೆ ಕುಳಿತವನು ನಾನು; ಒಂದು ವಾಷರನ್ನೂ ಜೇಬಿಗೆ ಹಾಕಿಕೊಂಡು ಮನೆಗೆ ತಂದವನಲ್ಲ. ಓದಿದ್ದು ಮೆಟ್ರಿಕ್. ದೊಡ್ಡ ಪಾಪಗಳಿಗೆ ಬೇಕಾದ ವಿದ್ಯೆಯೂ ನನ್ನಲ್ಲಿರಲಿಲ್ಲ. ಅಂಥವನು ಎಪ್ಪತ್ತು ದಾಟಿದ ಮೇಲೆ, ಒಂದೇ ವರ್ಷದಲ್ಲಿ, ಒಂಬತ್ತು ಸಲ ಹುಟ್ಟಿದೆ. ಎಂಟು ಸಲ ಸಂಭಾಜಿನಗರದಲ್ಲಿ, ಒಂಬತ್ತನೆಯ ಸಲ ನಾಸಿಕದಲ್ಲಿ. ಇದಕ್ಕೆ ಅಧ್ಯಾತ್ಮದ ಅರ್ಥವೇನೂ ಇಲ್ಲ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಿ ಕೂತು ಉಣ್ಣಲು ಒಂದು ಒಳ್ಳೆಯ ಹೋಟೆಲು ಸಿಗಲಿಲ್ಲ, ಅಷ್ಟೇ. ಬೇರೆ ಯಾರಿಗೂ ಹೇಳಿಕೊಳ್ಳುವ ಹಾಗಿಲ್ಲವಾದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಮೊಮ್ಮಕ್ಕಳು ಇಬ್ಬರು. ಓವಿಗೆ ಆರು ವರ್ಷ, ಶಿವುಗೆ ಮೂರು. ನಾವು ಬೀದರ ಜಿಲ್ಲೆಯವರು, ಅಲ್ಲಿ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಹೀಗಾಗಿ ನಾನು ಮುತ್ಯಾ. ವಾರದ ಆರು ದಿನ ಮಕ್ಕಳು ಶಾಲೆಯವರು, ಟ್ಯೂಶನ್ನಿನವರು, ಮೊಬೈಲಿನವರು. ರವಿವಾರ ಮಧ್ಯಾಹ್ನ ಮಾತ್ರ ನನ್ನವರು. ಸೊಸೆ ಸುವರ್ಣಾಗೆ ಒಂದು ಹೊತ್ತಾದರೂ ಬಿಡುವಾಗಲಿ ಎಂದು ನಾನೂ ನನ್ನ ಹೆಂಡತಿ ಶಾಂತಾಬಾಯಿಯೂ ಅವರನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ನನಗೆ ಅದರಲ್ಲಿ ಇನ್ನೊಂದು ಸ್ವಾರ್ಥವಿತ್ತು. ಮನೆಯಲ್ಲಿ ಓವಿ ಮಾತಾಡುವುದೆಲ್ಲ ಮರಾಠಿ. ಹೋಟೆಲಿಗೆ ಹೋದರೆ ಮಾತ್ರ, ಪಕ್ಕದ ಟೇಬಲ್ಲಿನವರಿಗೆ ತಿಳಿಯಬಾರದೆಂದು, ನನ್ನ ಕಿವಿಯಲ್ಲಿ ಕನ್ನಡ ಮಾತಾಡುತ್ತಿದ್ದಳು. "ಮುತ್ಯಾ, ಆ ಕಾಕಾನ ಹೊಟ್ಟಿ ನೋಡ್ರಿ, ಟೇಬಲ್ ಮ್ಯಾಲೇ ಇಟ್ಟಾರ." ನನ್ನ ಪಾಲಿಗೆ ಅದೇ ರಾಜ್ಯೋತ್ಸವ.

ಆದರೆ ಹೋಟೆಲು ಯಾವುದು? ಮಕ್ಕಳಿಗೆ ಹಿಡಿಸುವ ಹೋಟೆಲಿನಲ್ಲಿ ಊಟ ಇರುವುದಿಲ್ಲ, ಊಟ ಇರುವ ಹೋಟೆಲಿಗೆ ಮಕ್ಕಳು ಹಿಡಿಸುವುದಿಲ್ಲ. ಒಂದು ಕಡೆ ಮೀನಿನ ಗಾಜಿನ ತೊಟ್ಟಿ ಇತ್ತು. ಶಿವು ಸಂತೋಷದಿಂದ ಅರ್ಧ ಹಪ್ಪಳವನ್ನು ಮೀನಿಗೆ ತಿನ್ನಿಸಿದ, ಉಳಿದರ್ಧವನ್ನು ಮೀನಿಗೆ ತೋರಿಸಿ ತಾನು ತಿಂದ. ಮ್ಯಾನೇಜರ್ ಬಂದು ಮೀನಿನ ಬೆಲೆ ಹೇಳಿದಾಗ ನಾವು ಎದ್ದುಬಂದೆವು. ಇನ್ನೊಂದು ಕಡೆ ಥಾಲಿ ಊಟ. ಬಡಿಸುವವರು ಹಿಂದಿನಿಂದ ಬಂದು ತಟ್ಟೆಗೆ ಮಜ್ಜಿಗೆಯ ಕಢಿ ಸುರಿಯುತ್ತಲೇ ಇದ್ದರು, ಓವಿ ಹೆದರಿ ತಟ್ಟೆಯನ್ನು ಎದೆಗವಚಿಕೊಂಡಳು, ಕಢಿ ಫ್ರಾಕಿನ ಒಳಗೆ ಹೋಯಿತು. ಮತ್ತೊಂದು ಕಡೆ ಜಾರುಬಂಡೆ ಇತ್ತು, ಮಕ್ಕಳು ಟೇಬಲ್ಲಿಗೇ ಬರಲಿಲ್ಲ. ನಾನು ಜಾರುಬಂಡೆಯ ಕೆಳಗೆ ನಿಂತು, ಜಾರಿ ಬಂದ ಬಾಯಿಗೆಲ್ಲ ಒಂದೊಂದು ತುತ್ತು ಇಟ್ಟೆ. ನಾಲ್ಕನೆಯ ತುತ್ತು ಯಾರದೋ ಮಗುವಿಗೆ ಹೋಯಿತು. ಅದರ ತಾಯಿ ಜಗಳಕ್ಕೆ ಬಂದಳು. ಇಷ್ಟರ ನಡುವೆ ಶಾಂತಾಬಾಯಿ ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡಿನ ಕೆಳಗೇ ಕುಳಿತು, ಪರ್ಸಿನಿಂದ ಜೋಳದ ರೊಟ್ಟಿ ಮುರಿದು ಮೇಜಿನ ಕೆಳಗಿನಿಂದ ಮಕ್ಕಳಿಗೆ ದಾಟಿಸುತ್ತಿದ್ದಳು.

ಇವೆಲ್ಲ ಒಳಗೆ ಹೋದ ಮೇಲಿನ ಕಷ್ಟ. ಒಳಗೆ ಹೋಗುವುದೇ ದೊಡ್ಡ ಕಷ್ಟ. ರವಿವಾರ ಬಾಗಿಲಲ್ಲಿ ಹೆಸರು ಬರೆಸಿ ಒಂದು ತಾಸು ಕಾಯಬೇಕು. ಶಿವುವಿನ ಹಸಿವಿಗೆ ಕಾಯುವುದು ಗೊತ್ತಿಲ್ಲ. ಅವನು ಮೊದಲು ಸುಮ್ಮನಾಗುತ್ತಾನೆ, ಆಮೇಲೆ ಕೆಂಪಾಗುತ್ತಾನೆ, ಆಮೇಲೆ ನೆಲದ ಮೇಲೆ ಅಂಗಾತ ಬಿದ್ದು ಬರುವವರ ಹೋಗುವವರ ಕಾಲು ಹಿಡಿಯುತ್ತಾನೆ. ಅಂಥ ಒಂದು ಗಳಿಗೆಯಲ್ಲಿ ಮ್ಯಾನೇಜರ್ ಕನಿಕರದಿಂದ, "ಕಾಕಾ, ಆಜ್ ಕುಛ್ ಖಾಸ್ ಹೈ ಕ್ಯಾ?" ಎಂದು ಇವತ್ತಿನ ವಿಶೇಷ ಕೇಳಿದ. ನನ್ನ ಬಾಯಿಯಿಂದ, ನಾನು ಕೇಳಿಸಿಕೊಳ್ಳುವ ಮೊದಲೇ, "ಹೌದು, ನನ್ನ ಹುಟ್ಟುಹಬ್ಬ" ಎಂಬ ಮಾತು ಹಿಂದಿಯಲ್ಲಿ ಹೊರಬಿತ್ತು. ಎರಡು ನಿಮಿಷದಲ್ಲಿ ಟೇಬಲ್ ಸಿಕ್ಕಿತು. ಮೂಲೆಯ ಟೇಬಲ್, ಕೈತೊಳೆಯುವ ಜಾಗಕ್ಕೆ ಹತ್ತಿರ. ಊಟವಾದ ಮೇಲೆ ಮೇಣದಬತ್ತಿ ಚುಚ್ಚಿದ ಐಸ್‌ಕ್ರೀಮು ಬೇರೆ.

ಅದನ್ನು ನಾನು ಸುಳ್ಳೆಂದೇ ತಿಳಿಯಲಿಲ್ಲ, ನೋಡಿ. ನಮ್ಮ ಊರಿನ ಹೆಡ್‌ಮಾಸ್ತರರು ಶಾಲೆಗೆ ಸೇರಿಸುವಾಗ ಊರಿನ ಎಲ್ಲ ಮಕ್ಕಳಿಗೂ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದವರು. ನಮ್ಮ ಅವ್ವನನ್ನು ಕೇಳಿದರೆ, "ತೊಗರಿ ಹೂ ಬಿಟ್ಟಿತ್ತಪಾ" ಎನ್ನುವಳು. ಅಂದರೆ ನಾನು ಹುಟ್ಟಿದ ದಿನ ಯಾವುದೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದ ದಿನ ಈ ರವಿವಾರ ಯಾಕಾಗಿರಬಾರದು? ಅಲ್ಲ ಎಂದು ಸಾಧಿಸಲಿ ನೋಡೋಣ! ಹೀಗೆ ವಾದಿಸಿ ನಾನು ನಿರ್ದೋಷಿಯಾದೆ, ಮುಂದಿನ ತಿಂಗಳು ಇನ್ನೊಂದು ಹೋಟೆಲಿನಲ್ಲಿ ಮತ್ತೆ ಹುಟ್ಟಿದೆ.

ಆಮೇಲೆ ಅದೊಂದು ರೂಢಿಯೇ ಆಯಿತು. ರಿಕ್ಷಾದಿಂದ ಇಳಿಯುವಾಗ ಓವಿ ಮೆಲ್ಲಗೆ, "ಮುತ್ಯಾ, ಇವತ್ತ ನಿಮ್ಮ ಬರ್ತ್‌ಡೇ ಅದನಾ?" ಎನ್ನುವಳು. "ತಡಿ, ಲೈನ್ ನೋಡಿ ಹೇಳ್ತೀನಿ," ಎನ್ನುವೆ ನಾನು. ಸಾಲು ಸಣ್ಣದಿದ್ದರೆ ನಾನು ಹುಟ್ಟುತ್ತಿರಲಿಲ್ಲ. ಉದ್ದವಿದ್ದರೆ ವಯಸ್ಸೂ ಅದಕ್ಕೆ ತಕ್ಕಂತೆ ಏರುತ್ತಿತ್ತು: ಒಂದು ಕಡೆ ಎಪ್ಪತ್ತು, ಒಂದು ಕಡೆ ಎಪ್ಪತ್ತೆರಡು, ಮಳೆ ಬಂದು ಜನ ಬಾಗಿಲಲ್ಲಿ ಒತ್ತಿ ನಿಂತ ದಿನ ಎಪ್ಪತ್ತೆಂಟು. ಶಾಂತಾಬಾಯಿ ಹಣೆ ಚಚ್ಚಿಕೊಂಡಳು. "ಏನ್ರೀ, ಲಗ್ನದಾಗ ನನಗಿಂತ ಆರು ವರ್ಷ ದೊಡ್ಡವರಿದ್ರಿ. ಈಗ ಹದಿಮೂರಾಯ್ತು. ಹಿಂಗ ನಡದ್ರ ದೀಪಾವಳಿಗಿ ನೂರು ಮುಟ್ತೀರಿ."

ಗುಟ್ಟು ರಟ್ಟಾದದ್ದು ಓವಿಯ ಶಾಲೆಯಲ್ಲಿ. ಅಜ್ಜನ ಬಗ್ಗೆ ಐದು ವಾಕ್ಯ ಬರೆಯಿರಿ ಎಂದಿದ್ದಾರೆ. ಇವಳು ಮೂರನೆಯ ವಾಕ್ಯದಲ್ಲಿ, 'ನನ್ನ ಅಜ್ಜನ ಹುಟ್ಟುಹಬ್ಬ ಹಸಿವಾದಾಗ ಬರುತ್ತದೆ' ಎಂದು ಬರೆದಿದ್ದಾಳೆ. ಟೀಚರು ಸುವರ್ಣಾಳನ್ನು ಕರೆಸಿ, ಮನೆಯಲ್ಲಿ ಹಿರಿಯರಿಗೆ ಮರೆವಿನ ಕಾಯಿಲೆ ಏನಾದರೂ ಇದೆಯೇ ಎಂದು ಕೇಳಿದರಂತೆ. ಸಂಜೆ ಸೊಸೆ ನನ್ನೆದುರು ಚಹಾ ಇಟ್ಟು, ದನಿ ಏರಿಸದೆ ಹೇಳಿದಳು: "ಮಾವ, ನೀವು ದೊಡ್ಡವರು, ನಾ ಏನು ಹೇಳಲಿ? ಆದ್ರ ಹುಡುಗ್ರ ಮುಂದ ಸುಳ್ಳು ಹೇಳಬ್ಯಾಡ್ರಿ. ಅಕಿ ಎಲ್ಲಾ ನೋಡ್ಲತ್ತಾಳ. ಇನ್ನೊಂದ್ಸಲ ಹಿಂಗಾದ್ರ ನಾ ಹುಡುಗ್ರನ್ನ ನಿಮ್ಮ ಜೋಡಿ ಕಳಸಂಗಿಲ್ಲ." ನಾನು ವಿಭೂತಿಗಟ್ಟಿ ಮುಟ್ಟಿ ಆಣೆ ಮಾಡಿದೆ. ಮೂರು ತಿಂಗಳು ಆಣೆ ಉಳಿಯಿತು. ಮೂರು ತಿಂಗಳು ನಾವು ಸಾಲಿನಲ್ಲಿ ನಿಂತೆವು, ಶಿವು ನೆಲದ ಮೇಲೆ ಮಲಗಿದ.

ರಜೆಯಲ್ಲಿ ಮಕ್ಕಳೊಂದಿಗೆ ನಾಸಿಕದ ಮಗಳ ಮನೆಗೆ ಹೋದೆವು. ನಾಸಿಕದವರಿಗೆ ರವಿವಾರ ಬೆಳಿಗ್ಗೆ ಮಿಸಳ್ ತಿನ್ನುವುದು ಒಂದು ವ್ರತ. ಅದೂ ಊರ ಹೊರಗೆ, ದ್ರಾಕ್ಷಿ ತೋಟದ ನಡುವಿನ ಹೋಟೆಲಿನಲ್ಲಿ. ಉಯ್ಯಾಲೆ ಇದೆ, ಮೊಲಗಳಿವೆ, ಒಂದು ಒಂಟೆಯೂ ಇದೆ, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದ ಅಳಿಯ. ಮಗಳೂ ಶಾಂತಾಬಾಯಿಯೂ ಉಪ್ಪಿನಕಾಯಿ ಹಾಕಲು ಕೂತಿದ್ದರು. ಅಳಿಯ ನನ್ನನ್ನೂ ಮಕ್ಕಳಿಬ್ಬರನ್ನೂ ಕಾರಿನಲ್ಲಿ ತಂದು ಇಳಿಸಿ, ಒಂದು ತಾಸಿನಲ್ಲಿ ಬರುತ್ತೇನೆಂದು ಹೋದ. ಮಿಸಳ್ ಎಂಬುದು ಬೆಂಕಿಯಂಥ ಖಾರದ ಕಾಳಿನ ಸಾರು ಎಂಬುದನ್ನೂ, ಒಂಟೆಗೆ ಅಂದು ರಜೆ ಎಂಬುದನ್ನೂ ಅವನು ಹೇಳಿರಲಿಲ್ಲ. ತೋಟದ ತುಂಬ ಜನ. ಬಾಗಿಲಲ್ಲಿ ಒಬ್ಬಳು ಹುಡುಗಿ ರಿಜಿಸ್ಟರ್ ಹಿಡಿದು ಮೈಕಿನಲ್ಲಿ ಹೆಸರು ಕೂಗುತ್ತಿದ್ದಳು. ನಮ್ಮ ಸರದಿಗೆ ಒಂದೂವರೆ ತಾಸು ಎಂದಳು. ಶಿವು ಆಗಲೇ ಕೆಂಪಾಗಿದ್ದ. ಓವಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇವತ್ತು ನನ್ನ ವಾಢದಿವಸ," ಎಂದೆ ಮರಾಠಿಯಲ್ಲಿ.

"ಕಾಕಾ, ಆಗಲೇ ಮೂರು ವಾಢದಿವಸ ಒಳಗೆ ಕೂತಿವೆ," ಎಂದಳು ಆ ಹುಡುಗಿ, ತಲೆ ಎತ್ತದೆ.

ಶಿವು ನೆಲಕ್ಕೆ ಬಿದ್ದ. ಸಾಮಾನ್ಯ ಹುಟ್ಟುಹಬ್ಬ ಇಲ್ಲಿ ನಡೆಯುವುದಿಲ್ಲ ಎಂದು ನನಗೆ ಹೊಳೆಯಿತು. "ಎಪ್ಪತ್ತೈದು ತುಂಬಿತು," ಎಂದೆ.

ಮಹಾರಾಷ್ಟ್ರದಲ್ಲಿ ಎಪ್ಪತ್ತೈದು ತುಂಬುವುದೆಂದರೆ ಅಮೃತ ಮಹೋತ್ಸವ ಎಂಬುದು, ಅರ್ಧ ಆಯುಷ್ಯ ಇಲ್ಲಿಯೇ ಕಳೆದ ನನಗೆ ಆ ಕ್ಷಣ ಮರೆತುಹೋಗಿತ್ತು. ಹುಡುಗಿ ಮೈಕಿನಲ್ಲಿ ಸಾರಿದಳು. ತೋಟದ ಯಜಮಾನ ಓಡಿಬಂದು ನನ್ನ ತಲೆಗೆ ಕೇಸರಿ ಪೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೈಗಿತ್ತು ಕಾಲಿಗೆ ಬಿದ್ದ. ತಿನ್ನುತ್ತಿದ್ದವರು ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದರು. ಕಾಲು ಮುಟ್ಟಲು ಸಾಲು ನಿಂತಿತು. ಟೇಬಲ್ಲಿನ ಸಾಲು ತಪ್ಪಿಸಲು ಹೋಗಿ ಅದಕ್ಕಿಂತ ಉದ್ದದ ಸಾಲಿನ ತುದಿಯಲ್ಲಿ ನಾನೇ ನಿಂತಿದ್ದೆ. ಒಬ್ಬರು ದೀರ್ಘಾಯುಷ್ಯದ ಗುಟ್ಟೇನು ಎಂದು ಕೇಳಿದರು. ಸಾಲಿನಲ್ಲಿ ನಿಲ್ಲದಿರುವುದು ಎಂದು ಹೇಳಬೇಕೆನಿಸಿತು, ಜೋಳದ ರೊಟ್ಟಿ ಎಂದೆ.

ಅಷ್ಟರಲ್ಲಿ ಸಾಲಿನಿಂದ ಬಿಳಿ ಧೋತರದ ಹಿರಿಯರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. ಎಲ್ಲರೂ ಅವರನ್ನು ಗುರೂಜಿ ಎನ್ನುತ್ತಿದ್ದರು, ಶಾಲೆಯ ಮಾಸ್ತರರಾಗಿದ್ದವರು. ಹಿಂದೆ ಹೆಣ್ಣುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಒಟ್ಟು ಹದಿನಾಲ್ಕು ಮಂದಿ. "ಎಂಥ ಯೋಗ! ನನಗೂ ಇವತ್ತೇ ಎಪ್ಪತ್ತೈದು ತುಂಬಿತು," ಎಂದರು. "ನಾನು ಬೆಳಗಿನ ನಾಲ್ಕೂವರೆಗೆ ಹುಟ್ಟಿದವನು. ತಾವು?"

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ಆದರೆ ಎಂಟು ಸಲ ಹುಟ್ಟಿ ಪಳಗಿದ ನಾಲಿಗೆ. "ಎರಡೂವರೆಗೆ," ಎಂದೆ.

"ಹಾಗಾದರೆ ತಾವು ನನಗಿಂತ ಎರಡು ತಾಸು ಹಿರಿಯರು," ಎಂದು ಗುರೂಜಿ ಹೆಣ್ಣುಮಕ್ಕಳ ಕಡೆ ತಿರುಗಿದರು. ತಂದೆಗೆ ಬೆಳಗಲೆಂದು ಅವರು ಕಣಕದಲ್ಲಿ ಮಾಡಿ ಹಬೆಯಲ್ಲಿ ಬೇಯಿಸಿ ತಂದಿದ್ದ ಎಪ್ಪತ್ತೈದು ದೀಪಗಳಿದ್ದವು. ಹಿರಿಯರಿಗೆ ಮೊದಲು ಎಂದು ಅವನ್ನು ಹಚ್ಚಿ ನನಗೆ ಬೆಳಗಿದರು. ಅಷ್ಟು ದೀಪಗಳ ಎದುರು ನನ್ನ ಮುಖ ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳಗುವುದು ಮುಗಿದಿತ್ತು, ಗುರೂಜಿ ಕೋಲನ್ನು ಮಗಳ ಕೈಗೆ ಕೊಟ್ಟು ನನ್ನ ಕಾಲಿನ ಕಡೆ ಬಾಗಿದರು.

ಹಿರಿಯರು ಕಿರಿಯರ ಕಾಲಿಗೆ ಬಿದ್ದರೆ ಕಿರಿಯರ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಅವ್ವ ಹೇಳುತ್ತಿದ್ದಳು. ನನಗೆ ನಿಜವಾಗಿ ಎಪ್ಪತ್ತೊಂದು. ಉಳಿದಿರುವುದೇ ಚೂರು, ಅದನ್ನೂ ಇವರು ಬಾಗಿ ಒಯ್ಯುತ್ತಿದ್ದಾರೆ! ಅವರ ಕೈ ನನ್ನ ಪಾದ ಮುಟ್ಟುವ ಮೊದಲು ನಾನು ಅವರ ಪಾದಕ್ಕೆ ಬಿದ್ದೆ. ಅವರೂ ಕೆಳಗೆ, ನಾನೂ ಕೆಳಗೆ. ಇಬ್ಬರ ಮೊಣಕಾಲುಗಳೂ ಹಿಡಿದುಕೊಂಡವು. ಪೇಟಾ ಜಾರಿ ನನ್ನ ಕಣ್ಣು ಮುಚ್ಚಿತು. ಎಂಥ ವಿನಯ ಎಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಆ ಕತ್ತಲೆಯಲ್ಲಿ ನಾನು ಅವರ ಕಿವಿಗೆ, "ಗುರೂಜಿ, ನನಗೆ ಎಪ್ಪತ್ತೊಂದು. ಇವತ್ತು ಹುಟ್ಟಿದವನೂ ಅಲ್ಲ. ಮಕ್ಕಳು ಹಸಿದಿದ್ದರು," ಎಂದೆ.

"ತಿಳಿಯಿತು," ಎಂದರು ಅವರು, ಅಷ್ಟೇ ಮೆಲ್ಲಗೆ. "ಎರಡೂವರೆ ಎನ್ನುವಾಗ ನಿಮ್ಮ ಕಿವಿ ಕೆಂಪಾಯಿತು. ಮೂವತ್ತು ವರ್ಷ ಇಂಥ ಕಿವಿಗಳನ್ನೇ ಹಿಂಡಿದ್ದೇನೆ. ಈಗ ಯಾರಾದರೂ ನಮ್ಮನ್ನು ಎತ್ತಲಿ, ಆಮೇಲೆ ಮಾತಾಡೋಣ."

ನಾಲ್ಕು ಜನ ಎತ್ತಿದರು. ಶಾಲು ಪೇಟಾ ಎರಡನ್ನೂ ಗುರೂಜಿಗೆ ಹಾಕಿ ನಾನು ಹಿಂದೆ ಸರಿದೆ. ಅವರು ಯಾರಿಗೂ ಏನೂ ಹೇಳಲಿಲ್ಲ. ನಾಲ್ಕು ಜನ ಕೂರುವ ನಮ್ಮ ಟೇಬಲ್ಲಿಗೆ ತಮ್ಮ ಹದಿನಾಲ್ಕು ಜನರನ್ನೂ ಕೂರಿಸಿದರು, ಅಷ್ಟೇ. ಜಾಗ ಸಾಲದೆ ನಾನು ನಿಂತೇ ಮೊಸರು ಕುಡಿದೆ. ಶಿವುವನ್ನು ಹುಡುಕಿದರೆ ಅವನು ದೀಪದ ತಟ್ಟೆಯ ಹತ್ತಿರ ಕೂತು, ಆರಿದ ದೀಪಗಳನ್ನು ಒಂದೊಂದಾಗಿ, ಬತ್ತಿ ತೆಗೆದು, ತುಪ್ಪದ ಸಮೇತ ತಿನ್ನುತ್ತಿದ್ದ. ಖಾರವಿಲ್ಲದ, ಮೆತ್ತಗಿನ, ಮಕ್ಕಳಿಗೆ ಹಿಡಿಸುವ ಊಟ ಕೊನೆಗೂ ಸಿಕ್ಕಿತ್ತು.

ವಾಳೂಜಿಗೆ ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಓವಿ ಹೇಳಿದರೆ ರವಿವಾರಗಳು ಹೋದವು. ಮನೆ ಮುಟ್ಟಿ ಇನ್ನೂ ಚಪ್ಪಲಿ ಬಿಟ್ಟಿಲ್ಲ, ಸುವರ್ಣಾ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, "ಓವಿ, ಖರೇ ಹೇಳು. ಮುತ್ಯಾ ಹೋಟೆಲ್‌ದಾಗ ಮತ್ತ ಬರ್ತ್‌ಡೇ ಅಂದ್ರಾ?" ಎಂದಳು.

"ಇಲ್ಲ ಮಮ್ಮಿ," ಎಂದಳು ಓವಿ, ಹೋಟೆಲಿನ ಆ ಕನ್ನಡದಲ್ಲೇ. "ಲೈನ್‌ದಾಗ ನಿಂತಿದ್ದಿವಿ. ಭಾಳ ಹೊತ್ತು. ಮುತ್ಯಾಂದು ಕಾಲು ನೋವಾಯ್ತು. ಶಿವು ಅತ್ತ. ಆಮ್ಯಾಲ ನಮ್ಮ ನಂಬರ್ ಬಂತು."

ರೆಪ್ಪೆ ಬಡಿಯಲಿಲ್ಲ. ಕಿವಿ ನೋಡಿದೆ, ಕೆಂಪಾಗಿರಲಿಲ್ಲ. ನನ್ನ ಒಂಬತ್ತು ಸುಳ್ಳುಗಳಲ್ಲಿ ಒಂದಕ್ಕೂ ಇಂಥ ಕುಸುರಿ ಇರಲಿಲ್ಲ. ಸುವರ್ಣಾಳ ಮುಖ ಅರಳಿತು. ರವಿವಾರಗಳು ಉಳಿದವು. ನಾನು ಸುಮ್ಮನಿದ್ದರೆ ಸಾಕಾಗಿತ್ತು. ಆದರೆ ಆ ಆರು ವರ್ಷದ ಬಾಯಲ್ಲಿ ನನ್ನದೇ ಪಳಗಿದ ನಾಲಿಗೆ ಕಂಡೆ. "ಸುವರ್ಣಾ, ಅಕಿ ಸುಳ್ಳು ಹೇಳ್ಲತ್ತಾಳ," ಎಂದೆ. "ನಾ ಹೇಳಿದ್ದೆ. ಈ ಸಲ ಎಪ್ಪತ್ತೈದು." ಪೇಟಾ, ದೀಪ, ಗುರೂಜಿ ಎಲ್ಲವನ್ನೂ ಹೇಳಿದೆ.

ಸೊಸೆ ನನ್ನ ಕೈಯ ಚೀಲ ತೆಗೆದುಕೊಂಡು ಒಳಗಿಟ್ಟು ಬಂದಳು. ಆಮೇಲೆ, "ಖರೇ ಹೇಳಿದ್ರಿ, ಛಲೋ ಆಯ್ತು ಮಾವ. ಆದ್ರ ಮಾತು ಅಂದ್ರ ಮಾತು. ಮುಂದಿನ ರವಿವಾರದಿಂದ ಹುಡುಗ್ರ ಜೋಡಿ ನಾ ಹೋಗ್ತೀನಿ," ಎಂದಳು. ಓವಿ ಅಳಲಿಲ್ಲ. ನನ್ನ ಹತ್ತಿರ ಬಂದು, ಅಮ್ಮನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದಳು: "ಮುತ್ಯಾ, ನಾ ಎಲ್ಲಾ ಬರೋಬರ್ ಮಾಡಿದ್ದೆ. ನೀವೇ ಬಿಘಡಿಸಿದ್ರಿ."

ಈಗ ರವಿವಾರ ಮಧ್ಯಾಹ್ನ ನಾನು ಮನೆಯಲ್ಲಿ ಉಪ್ಪಿಟ್ಟು ತಿಂದು ಕಿಟಕಿಯ ಹತ್ತಿರ ಕೂರುತ್ತೇನೆ. ಸುವರ್ಣಾ ಯಾರಿಗೂ ಸುಳ್ಳು ಹೇಳುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತಾಳೆ, ನಾಲ್ಕು ಗಂಟೆಗೆ ಸುಸ್ತಾಗಿ ಬರುತ್ತಾಳೆ. ಹೋದ ವಾರ ಓವಿ ಹೋಟೆಲಿನಿಂದ ಮುಷ್ಟಿ ತುಂಬ ಬಡೇಸೋಪು ತಂದಳು. ಅಜ್ಜಿಗೆ ಕೊಟ್ಟಳು, ಅಪ್ಪನಿಗೆ ಕೊಟ್ಟಳು, ಪಕ್ಕದ ಮನೆಯವರಿಗೂ ನಾಲ್ಕು ಕಾಳು ಕೊಟ್ಟು ಬಂದಳು. ನಾನೂ ಕೈ ಚಾಚಿದೆ. ಅವಳು ನನ್ನ ಅಂಗೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಮಮ್ಮಿಗೆ ಹೇಳಂಗಿಲ್ಲಂದ್ರ ಕೊಡ್ತೀನಿ," ಎಂದಳು. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಯೋಚಿಸುತ್ತಿದ್ದೇನೆ.